ಹೊಸ ನೆಲ ಕೇಳುವ ಮೊದಲು ಹಳೆಯ ಫಲಕದ ಲೆಕ್ಕ ಕೊಡಿ

ಸೌರ ವಿದ್ಯುತ್ತು ಬೇಕೆಂದರೆ ನೆಲ ಬಿಡಬೇಕು ಎಂಬ ವಾದ ಪ್ರಶ್ನಾತೀತವಾಗುತ್ತಿದೆ. ಪಾವಗಡದ 2,050 ಮೆಗಾವಾಟ್ ಸೌರ ಪಾರ್ಕ್ ಸುಮಾರು 13,000 ಎಕರೆಗಳಲ್ಲಿ ಹರಡಿದೆ. ಹಾಕಿದ ಫಲಕಗಳಿಂದ ದೊರೆಯಬೇಕಾದಷ್ಟು ವಿದ್ಯುತ್ತು ದೊರೆಯುತ್ತಿದೆಯೇ ಎಂದು ಕೇಳುವವರು ಮಾತ್ರ ವಿರಳ.

ಈ ಪ್ರಶ್ನೆಯನ್ನು ಕೃಷ್ಣೆ ಮಲಪ್ರಭೆಯರು ಕೂಡುವ ಕೂಡಲಸಂಗಮದಿಂದಲೇ ಕೇಳಬೇಕು. ಇಲ್ಲಿನ ಐಕ್ಯಮಂಟಪವನ್ನು ನಾರಾಯಣಪುರ ಜಲಾಶಯದ ಹಿನ್ನೀರು ಸುತ್ತುವರಿದಿದೆ; ಆಲಮಟ್ಟಿಯ ಹಿನ್ನೀರು ಹಳೆಯ ಬಾಗಲಕೋಟೆಯ ಭಾಗಗಳನ್ನು ನುಂಗಿದೆ. ಅಭಿವೃದ್ಧಿಯ ಹೆಸರಿನಲ್ಲಿ ಒಮ್ಮೆ ನೆಲ ಕೊಟ್ಟ ಸೀಮೆ ಮತ್ತೊಮ್ಮೆ ಏಕೆ ಕೊಡಬೇಕು?

ಫಲಕದ ಬೆನ್ನಿನ ಮೇಲೆ ಬರೆದ 300 ವಾಟ್ ಪ್ರಯೋಗಾಲಯದ ಅಂಕಿ. ಚದರ ಮೀಟರಿಗೆ 1,000 ವಾಟ್ ಬೆಳಕು, ಫಲಕದ ಉಷ್ಣತೆ 25 ಡಿಗ್ರಿ ಇದ್ದಾಗಿನ ಮಾತು ಅದು. ಹುನಗುಂದದ ಬೇಸಿಗೆಯಲ್ಲಿ ಫಲಕದ ಮೈ 60 ಡಿಗ್ರಿಗೆ ಕಾಯುವುದುಂಟು. ಸಾಮಾನ್ಯ ಸಿಲಿಕಾನ್ ಫಲಕ ಪ್ರತಿ ಡಿಗ್ರಿಗೆ ಸುಮಾರು ಶೇ. 0.4ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಅಂದರೆ ಶೇ. 14 ನಷ್ಟವಾಗಿ ಉಳಿಯುವುದು 258 ವಾಟ್. ಎರೆಹೊಲದ ಧೂಳು, ಕಲ್ಲುಗಣಿಯ ಪುಡಿ ಕುಳಿತರೆ ಅದೂ ಇಲ್ಲ.

ಯಾವುದೇ ಫಲಕ ಒಂದು ನಿರ್ದಿಷ್ಟ ವೋಲ್ಟೇಜಿನಲ್ಲಿ ಮಾತ್ರ ಗರಿಷ್ಠ ಶಕ್ತಿ ಕೊಡುತ್ತದೆ. ಬಿಸಿಲು, ಕಾವು ಬದಲಾದಂತೆ ಆ ಬಿಂದುವೂ ಸರಿಯುತ್ತದೆ. ಅದನ್ನು ಬೆನ್ನಟ್ಟುವ ನಿಯಂತ್ರಕವೇ ಎಂ.ಪಿ.ಪಿ.ಟಿ. ಸಾಲಿನ ಒಂದು ಫಲಕದ ಮೇಲೆ ಮರದ ನೆರಳು ಬಿದ್ದರೆ ಒಂದಕ್ಕೆ ಬದಲಾಗಿ ಹಲವು ಶಿಖರಗಳು ಮೂಡುತ್ತವೆ; ಸರಳ ನಿಯಂತ್ರಕ ಸಣ್ಣ ಶಿಖರವನ್ನೇ ದೊಡ್ಡದೆಂದು ನಂಬಿ ನಿಂತುಬಿಡುತ್ತದೆ.

ಇದನ್ನೆಲ್ಲ ಮೊದಲೇ ಅರಿಯಲು ಗಣಕಯಂತ್ರದಲ್ಲಿ ಫಲಕದ ಪ್ರತಿರೂಪ ಕಟ್ಟಿ ನೋಡುವ ಸಿಮ್ಯುಲೇಷನ್ ಇದೆ. ಸುಮಾರು 16 ಡಿಗ್ರಿ ಉತ್ತರ ಅಕ್ಷಾಂಶದ ಕೂಡಲಸಂಗಮದಲ್ಲಿ ಫಲಕ ದಕ್ಷಿಣಕ್ಕೆ ಎಷ್ಟು ಓರೆಯಾಗಿರಬೇಕು, ಯಾವ ತಿಂಗಳು ಎಷ್ಟು ಯೂನಿಟ್ ಬರಬೇಕು ಎಂಬುದನ್ನು ಅದು ಮುಂಚಿತವಾಗಿ ತಿಳಿಸಬಲ್ಲದು. ಕೋಟಿಗಟ್ಟಲೆ ಸಾಲ ಕೊಡುವ ಬ್ಯಾಂಕುಗಳು ಇಂಥ ಲೆಕ್ಕವನ್ನು ಕೇಳಿಯೇ ಕೇಳುತ್ತವೆ. ಶಾಲೆಯ ಚಾವಣಿಗೆ, ರೈತನ ಪಂಪ್‌ಸೆಟ್ಟಿಗೆ ಆ ಶಿಸ್ತು ಬೇಡವೇ? ಆದರೆ ಆ ಲೆಕ್ಕದಲ್ಲಿ ಸ್ಥಳೀಯ ಕಾವು, ಧೂಳು, ನೆರಳು ಸೇರಿರಬೇಕು. ಇಲ್ಲದಿದ್ದರೆ ಅದೂ ಮಾರಾಟದ ಕರಪತ್ರವಾದೀತು.

ಇದು ಬಯಲುಸೀಮೆಯ ಚಿಂತೆ ಮಾತ್ರವಲ್ಲ. ಹಗಲಿನ ಸೌರ ವಿದ್ಯುತ್ತನ್ನು ರಾತ್ರಿಗೆ ಕೂಡಿಡಬೇಕೆಂಬ ನೆಪದಲ್ಲೇ ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯದಲ್ಲಿ 2,000 ಮೆಗಾವಾಟ್ ಪಂಪ್ಡ್ ಸ್ಟೋರೇಜ್ ಯೋಜನೆ ಪ್ರಸ್ತಾಪವಾಗಿದೆ. ಬಯಲಿನಲ್ಲಿ ಸೋರಿಹೋದ ವಿದ್ಯುತ್ತಿಗೆ ಬಯಲಿನ ಹೊಲವೂ ಮಲೆನಾಡಿನ ಕಾಡೂ ಬೆಲೆ ತೆರಬೇಕಾಗಿಲ್ಲ. ಪ್ರತಿ ಸರ್ಕಾರಿ ಚಾವಣಿಯ ನಿರೀಕ್ಷಿತ ಹಾಗೂ ನಿಜವಾದ ಉತ್ಪಾದನೆಯನ್ನು ಗ್ರಾಮಸಭೆಯ ಮುಂದಿಡಲಿ. ಆಮೇಲೆ ಎಕರೆಗಳ ಮಾತಾಗಲಿ.