ಕಾಯುವುದು, ಇಟ್ಟುಕೊಳ್ಳುವುದು

ಗೃಹಸ್ಥರೊಬ್ಬರು ಬೆಂಗಳೂರಿನಲ್ಲಿ ಬಾಡಿಗೆಯ ಮನೆಯೊಂದನ್ನು ಹಿಡಿದರೆಂದು ಇಟ್ಟುಕೊಳ್ಳಿ. 11 ತಿಂಗಳ ಕರಾರುಪತ್ರ ಇಂಗ್ಲಿಷಿನಲ್ಲಿದೆ. ಮುಂಗಡ ಹಣದಲ್ಲಿ ಒಂದು ಭಾಗವನ್ನು ಮನೆಯ ಯಜಮಾನರು ‘ರಿಟೇನ್’ ಮಾಡಬಹುದೆಂಬ ಮಾತು ಅದರಲ್ಲಿ ಬರುತ್ತದೆ. ಗೃಹಸ್ಥರು ಮಗಳನ್ನು ಕರೆದು, “ಇದಕ್ಕೆ ಅರ್ಥವೇನಮ್ಮ?” ಎಂದು ಕೇಳುತ್ತಾರೆ. ಮಗಳು ಶಾಲೆಯ ನಿಘಂಟನ್ನು ತೆರೆದು, “ರಿಟೇನ್ ಎಂದರೆ ಕೀಪ್, ಅಪ್ಪಾ. ಕೀಪ್ ಎಂದರೆ ಇಡು, ಕಾಪಾಡು” ಎನ್ನುತ್ತಾಳೆ. ಹಣ ಭದ್ರವಾಗಿರುವುದೆಂಬ ನೆಮ್ಮದಿಯಿಂದ ಅವರು ರುಜು ಹಾಕುತ್ತಾರೆ. ಮನೆ ಬಿಡುವ ದಿನ ಯಜಮಾನರು ಸುಣ್ಣಬಣ್ಣದ ಲೆಕ್ಕಕ್ಕೆ ಆ ಭಾಗವನ್ನು ಮುರಿದುಕೊಂಡು ಉಳಿದದ್ದನ್ನು ಕೈಗಿಡುತ್ತಾರೆ. ‘ಕಾಪಾಡು’ ಎಂಬ ಮಾತನ್ನು ನಂಬಿದ್ದರ ಬೆಲೆ ಆಗ ತಿಳಿಯುತ್ತದೆ.

ಇಲ್ಲಿ ನಿಘಂಟು ಸುಳ್ಳಾಡಲಿಲ್ಲ; ಮಗಳೂ ತಪ್ಪು ಓದಲಿಲ್ಲ. ಪರ್ಯಾಯಪದಗಳೆಂದರೆ ಒಂದು ಇದ್ದಲ್ಲಿ ಮತ್ತೊಂದನ್ನು ನಿಶ್ಚಿಂತೆಯಿಂದ ಕೂರಿಸಬಹುದಾದ ಪದಗಳು ಎಂಬ ಭಾವನೆಯೇ ತಪ್ಪಿನ ಮೂಲ. ‘ಕೀಪ್’ ಎಂಬ ಸಣ್ಣ ಕ್ರಿಯಾಪದದ ಬಂಧುಬಳಗವನ್ನು ಒಮ್ಮೆ ನೋಡಿದರೆ ಇದು ಸ್ಪಷ್ಟವಾಗುತ್ತದೆ.

ಇಂಗ್ಲಿಷಿನಲ್ಲಿ ದಿನವೂ ನೂರು ಸಲ ಬಾಯಿಗೆ ಬರುವ ಈ ಪದದ ಹುಟ್ಟು ಇನ್ನೂ ಬಗೆಹರಿದಿಲ್ಲ. ಜರ್ಮನ್, ಡಚ್ ಮೊದಲಾದ ಸೋದರಭಾಷೆಗಳಲ್ಲಿ ಇದರ ಒಡಹುಟ್ಟಿದವರು ಖಚಿತವಾಗಿ ಸಿಕ್ಕಿಲ್ಲ. ಆದರೆ ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ ಇದರ ಪೂರ್ವರೂಪ ದೊರೆಯುತ್ತದೆ. ಆಗ ಅದಕ್ಕೆ ‘ಕಣ್ಣಿಟ್ಟು ನೋಡು’, ‘ಎದುರುನೋಡು’, ‘ಹಿಡಿ’ ಎಂಬ ಅರ್ಥಗಳಿದ್ದವು. ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವ ಅರ್ಥಕ್ಕಿಂತ ಎಚ್ಚರದಿಂದ ನೋಡುತ್ತಿರುವ ಅರ್ಥವೇ ಅಲ್ಲಿ ಮುಂದಾಗಿತ್ತು. 1611ರ ಇಂಗ್ಲಿಷ್ ಬೈಬಲ್ಲು ಕುರಿ ಕಾಯುವವನನ್ನು ‘ಕೀಪರ್’ ಎಂದೇ ಕರೆದಿದೆ.

ಕನ್ನಡಿಗನಿಗೆ ಇದು ಹೊಸದೆನಿಸದು. ನಮ್ಮ ‘ಕಾಯು’ ಎಂಬ ಧಾತುವಿನ ನಡತೆಯೂ ಹೀಗೆಯೇ ಇದೆ. ದನ ಕಾಯುವುದು, ಮನೆ ಕಾಯುವುದು, ಬಸ್ಸಿಗೆ ಕಾಯುವುದು ಎಲ್ಲವೂ ಒಂದೇ ಮಾತಿನಲ್ಲಿ ನಡೆಯುತ್ತವೆ. ಕಾಪು, ಕಾವಲು, ಕಾಪಾಡು, ದನಗಾಹಿ ಎಂಬ ಪದಗಳೆಲ್ಲ ಅದರ ಮಕ್ಕಳು. ತಮಿಳಿನಲ್ಲಿಯೂ ನಿರೀಕ್ಷಿಸುವುದನ್ನು ‘ಕಾತ್ತಿರು’ ಎನ್ನುತ್ತಾರೆ. ಇಂಗ್ಲಿಷಿನ ‘ವೇಟ್’ ಎಂಬ ಪದವೂ ಮೊದಲಿಗೆ ‘ಕಾವಲಿರು, ಹೊಂಚಿನೋಡು’ ಎಂಬ ಅರ್ಥದಲ್ಲಿಯೇ ಫ್ರೆಂಚಿನಿಂದ ಬಂದದ್ದು. ಎರಡು ಭಾಷಾಕುಟುಂಬಗಳು ದೂರದೂರದಲ್ಲಿದ್ದು ಒಂದೇ ಅನುಭವವನ್ನು ಕಂಡುಕೊಂಡಿವೆ: ಕಾವಲಿರುವವನ ಕಣ್ಣೂ ಬರುವವನಿಗಾಗಿ ಕಾದಿರುವವನ ಕಣ್ಣೂ ರೆಪ್ಪೆ ಮುಚ್ಚುವುದಿಲ್ಲ.

ಕ್ರಿಕೆಟ್ಟಿನ ಮೈದಾನದಲ್ಲಿ ಇದಕ್ಕೆ ತಕ್ಕ ದೃಷ್ಟಾಂತವಿದೆ. ‘ವಿಕೆಟ್ ಕೀಪರ್’ ಎಂಬುದನ್ನು ‘ವಿಕೆಟ್ಟನ್ನು ಕಾಪಾಡುವವನು’ ಎಂದು ಭಾಷಾಂತರಿಸಿದರೆ ಆಟವೇ ತಲೆಕೆಳಗಾದೀತು. ವಿಕೆಟ್ಟನ್ನು ಕಾಪಾಡುವವನು ದಾಂಡುಗಾರ. ಕೀಪರನು ಅದನ್ನು ಉರುಳಿಸುವ ಗಳಿಗೆಗಾಗಿ ಹಿಂದೆ ಕುಕ್ಕರಗಾಲಿನಲ್ಲಿ ಕಾದಿರುವವನು. 1983ರಲ್ಲಿ ವಿಶ್ವಕಪ್ಪನ್ನು ಗೆದ್ದ ಭಾರತ ತಂಡದಲ್ಲಿ ಆ ಸ್ಥಾನದಲ್ಲಿದ್ದ ಕರ್ನಾಟಕದ ಆಟಗಾರ ಸೈಯದ್ ಕಿರ್ಮಾನಿಯವರು ಎದುರಾಳಿಯ ಗೂಟಗಳಿಗೆ ಹಿತಚಿಂತಕರಾಗಿದ್ದರೆಂದು ಯಾರೂ ಹೇಳಲಾರರು!

ಇನ್ನು ‘ಕೀಪ್’ ಪದದ ನೆರೆಹೊರೆ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ತರುವಾಯ ಫ್ರೆಂಚ್ ಮತ್ತು ಲ್ಯಾಟಿನ್ ಮೂಲದ ಪದಗಳು ಆ ಭಾಷೆಗೆ ಹಿಂಡುಹಿಂಡಾಗಿ ಬಂದವು. ಅವುಗಳಲ್ಲಿ ಎರಡು ಮನೆತನಗಳು ಇಲ್ಲಿ ಮುಖ್ಯ. ಒಂದು, ‘ಹಿಡಿ’ ಎಂಬರ್ಥದ ‘ತೆನೇರೆ’ ಧಾತುವಿನದು. ಇನ್ನೊಂದು, ‘ಕಾಯು’ ಎಂಬರ್ಥದ ‘ಸೆರ್ವಾರೆ’ ಧಾತುವಿನದು.

‘ರಿಟೇನ್’ ಹುಟ್ಟಿದ್ದು ಮೊದಲನೆಯ ಮನೆಯಲ್ಲಿ. ‘ಹಿಂದಕ್ಕೆ ಹಿಡಿ’ ಎಂಬುದೇ ಅದರ ಮೂಲಾರ್ಥ. ಬಿಟ್ಟರೆ ಹೋಗಿಬಿಡುವುದನ್ನು ಹೋಗಗೊಡದಿರುವುದು ಅದರ ಜೀವಾಳ. ಜೇಡಿಮಣ್ಣು ನೀರನ್ನು ‘ರಿಟೇನ್’ ಮಾಡುತ್ತದೆ; ಕನ್ನಡದಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ನೀರಿಗೆ ಕೇಡಾಗಬಾರದೆಂಬ ಕಾಳಜಿ ಮಣ್ಣಿಗಿಲ್ಲ. ಅದೇ ಮನೆತನದ ‘ಮೇಂಟೇನ್’ ಎಂಬುದಕ್ಕೆ ‘ಕೈಯಲ್ಲಿ ಹಿಡಿ’ ಎಂದು ಮೂಲಾರ್ಥ. ಕೈಹಿಡಿದವಳಿಗೆ ನ್ಯಾಯಾಲಯವು ಕೊಡಿಸುವ ಜೀವನಾಂಶಕ್ಕೆ ‘ಮೇಂಟೆನೆನ್ಸ್’ ಎಂಬ ಹೆಸರು ಕನ್ನಡದ ಕಿವಿಗೆ ಎಷ್ಟು ಸಹಜವಾಗಿದೆ!

‘ಪ್ರಿಸರ್ವ್’, ‘ರಿಸರ್ವ್’, ‘ಕನ್ಸರ್ವ್’ ಎಂಬುವು ಎರಡನೆಯ ಮನೆಯವು. ‘ಪ್ರಿಸರ್ವ್’ ಎಂದರೆ ಕೆಡದಂತೆ ಕಾಯುವುದು. ಭರಣಿಯಲ್ಲಿ ಉಪ್ಪು ಬೆರೆಸಿ ಮಾವಿನ ಮಿಡಿಯನ್ನು ಇಡುವ ಗೃಹಿಣಿ ಮಾಡುವುದು ಇದನ್ನೇ. ಸಕ್ಕರೆಪಾಕದಲ್ಲಿ ಕಾಯಿಸಿಟ್ಟ ಹಣ್ಣಿಗೆ ಇಂಗ್ಲಿಷರು ‘ಪ್ರಿಸರ್ವ್’ ಎಂದೇ ಹೆಸರಿಟ್ಟಿದ್ದಾರೆ. ‘ರಿಸರ್ವ್’ ಎಂದರೆ ಮುಂದೆ ಬರುವವರಿಗೆಂದು ಈಗಲೇ ತೆಗೆದಿಡುವುದು. ಇದಕ್ಕೆ ‘ಕಾದಿರಿಸು’ ಎಂಬ ಒಳ್ಳೆಯ ಕನ್ನಡ ಬಳಕೆಗೆ ಬಂದಿದೆ. ಅದಕ್ಕೂ ಹಳೆಯದು ‘ಮೀಸಲು’. ದೇವರಿಗೆಂದು ಮೊದಲೇ ತೆಗೆದು, ಯಾರೂ ಮುಟ್ಟದಂತೆ ಇಡುವುದಕ್ಕೆ ಮನೆಮನೆಯ ಹಿರಿಯರು ಬಳಸುತ್ತಿದ್ದ ಮಾತು.

ಹೀಗಾಗಿ ಈ ಪದಗಳ ನಡುವಣ ವ್ಯತ್ಯಾಸವನ್ನು ಗುರುತಿಸಲು ಒಂದು ಸರಳವಾದ ಪ್ರಶ್ನೆ ಸಾಕು: ಇಟ್ಟದ್ದು ಯಾರ ಹಿತಕ್ಕಾಗಿ? ‘ಪ್ರಿಸರ್ವ್’ ಮಾಡಿದರೆ, ಇಟ್ಟ ವಸ್ತುವಿನ ಕ್ಷೇಮಕ್ಕಾಗಿ. ‘ರಿಸರ್ವ್’ ಮಾಡಿದರೆ, ಬರಲಿರುವವನಿಗಾಗಿ. ‘ರಿಟೇನ್’ ಮಾಡಿದರೆ ಬಹುಮಟ್ಟಿಗೆ ಹಿಡಿದುಕೊಂಡವನಿಗಾಗಿ. ‘ಕೀಪ್’ ಮಾತ್ರ ಮೂರು ಮನೆಗೂ ಸಲ್ಲುವ ನೆಂಟ. ಯಾರ ಪಕ್ಷವೆಂಬುದನ್ನು ತಾನಾಗಿ ಹೇಳುವುದಿಲ್ಲ, ವಾಕ್ಯವೇ ಹೇಳಬೇಕು. ಪೀಟರ್ ಮಾರ್ಕ್ ರೋಜೆ ಎಂಬ ವೈದ್ಯರು 1852ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪರ್ಯಾಯಪದಕೋಶದಲ್ಲಿ ಬಿಡದೆ ಹಿಡಿದುಕೊಳ್ಳುವುದಕ್ಕೆ ಒಂದು ಶೀರ್ಷಿಕೆಯನ್ನೂ ಕೆಡದಂತೆ ರಕ್ಷಿಸುವುದಕ್ಕೆ ಬೇರೊಂದು ಶೀರ್ಷಿಕೆಯನ್ನೂ ಕೊಟ್ಟಿದ್ದಾರೆ. ಶಾಲೆಯ ಚಿಕ್ಕ ನಿಘಂಟಿನಲ್ಲಿ ಆ ಎರಡೂ ಒಂದೇ ಸಾಲಿನಲ್ಲಿ ಕುಳಿತುಬಿಡುತ್ತವೆ.

ಕನ್ನಡಕ್ಕೆ ತರುವಾಗಲಂತೂ ‘ಕೀಪ್’ ಎಂದಲ್ಲೆಲ್ಲ ‘ಇಡು’ ಎಂದು ಬರೆಯುವಂತಿಲ್ಲ. ಅಂಗಡಿಯನ್ನು ಇಡುತ್ತೇವೆ, ಹಸುವನ್ನು ಸಾಕುತ್ತೇವೆ, ಲೆಕ್ಕವನ್ನು ಬರೆಯುತ್ತೇವೆ, ಗುಟ್ಟನ್ನು ಕಾಪಾಡುತ್ತೇವೆ, ನಿಯಮವನ್ನು ಪಾಲಿಸುತ್ತೇವೆ, ಕೊಟ್ಟ ಮಾತನ್ನು ಉಳಿಸಿಕೊಳ್ಳುತ್ತೇವೆ, ಬಾಯಿ ಮುಚ್ಚಿ ಸುಮ್ಮನಿರುತ್ತೇವೆ. ಇಂಗ್ಲಿಷಿನವನು ಈ ಏಳಕ್ಕೂ ‘ಕೀಪ್’ ಒಂದನ್ನೇ ದುಡಿಸಿಕೊಳ್ಳುತ್ತಾನೆ. ನಮ್ಮ ‘ಇಟ್ಟುಕೊಳ್ಳು’ ಎಂಬುದೂ ಕಡಮೆಯದಲ್ಲ. ‘ಹಿಡಿದರೆಂದು ಇಟ್ಟುಕೊಳ್ಳಿ’ ಎಂದು ಈ ಲೇಖನದ ಮೊದಲ ವಾಕ್ಯದಲ್ಲಿ ಬಂದದ್ದು ‘ಭಾವಿಸಿಕೊಳ್ಳಿ’ ಎಂಬ ಅರ್ಥದಲ್ಲಿ. ಇನ್ನು ಮನುಷ್ಯರ ವಿಷಯದಲ್ಲಿ ಅದನ್ನು ಬಳಸುವಾಗ ಸಂಸಾರವಂದಿಗರು ಕೊಂಚ ಜಾಗರೂಕರಾಗಿರುವುದು ಒಳಿತು.

ಗೃಹಸ್ಥರ ಕಥೆಗೆ ಮರಳಿದರೆ, ಅವರಿಗೆ ಆದ ನಷ್ಟ ಹಣದ್ದು ಮಾತ್ರವಲ್ಲ. ತಾನು ಹೇಳಿದ ಅರ್ಥದಿಂದ ತಂದೆಗೆ ಹಾನಿಯಾಯಿತೆಂದು ಮಗಳು ನಿಘಂಟನ್ನು ಮುಟ್ಟಲು ಅಂಜಿದರೆ ಅದೇ ದೊಡ್ಡ ನಷ್ಟ. ಅವಳಿಗೆ ಹೇಳಬೇಕಾದ ಬುದ್ಧಿ ಇಷ್ಟೆ: ಪದದ ಅರ್ಥವನ್ನು ನಿಘಂಟಿನಲ್ಲಿ ನೋಡಿದ ಮೇಲೆ ಅದು ಕುಳಿತಿರುವ ವಾಕ್ಯದತ್ತ ಮತ್ತೊಮ್ಮೆ ಕಣ್ಣು ಹಾಯಿಸಬೇಕು. ಹಣ ಯಾರದು, ಹಿಡಿಯುವವರು ಯಾರು, ಹಿಂದಿರುಗಿಸುವ ಮಾತು ಎಲ್ಲಿಯಾದರೂ ಇದೆಯೇ ಎಂದು ಕೇಳಬೇಕು. ಮುಂದಿನ ಕರಾರುಪತ್ರ ಮನೆಗೆ ಬಂದಾಗ ತಂದೆ ಮತ್ತೆ ಅವಳನ್ನೇ ಕರೆಯಲಿ. ಈ ಸಲ ಅವಳು ಒಂದು ಪದವನ್ನಲ್ಲ, ಇಡೀ ವಾಕ್ಯವನ್ನು ಓದಿ ಹೇಳುತ್ತಾಳೆ. ಅವರು ರುಜು ಹಾಕುವುದಕ್ಕೆ ಮುಂಚೆ ಕಾಯುತ್ತಾರೆ.