ಮಲ್ಲೇಶ್ವರವೋ, ಬಸವನಗುಡಿಯೋ?

ನಗರದಲ್ಲಿ ಮನೆ ಹುಡುಕುವವರು ಮೊದಲು ಬಾಡಿಗೆಯನ್ನು ವಿಚಾರಿಸುತ್ತಾರೆ. ಅನಂತರ ಬಡಾವಣೆಯ ಹೆಸರನ್ನು ತೂಗಿ ನೋಡುತ್ತಾರೆ. ಮನೆಯವರ ದಿನನಿತ್ಯದ ಕೆಲಸಗಳಲ್ಲಿ ಎಷ್ಟನ್ನು ಕಾಲ್ನಡಿಗೆಯಲ್ಲಿ ಪೂರೈಸಬಹುದೆಂದು ಯೋಚಿಸುವವರು ವಿರಳ. ನೆಲೆಯ ಆಯ್ಕೆಯಲ್ಲಿ ಮುಖ್ಯವಾದ ಪ್ರಶ್ನೆ ಇದೇ.

ಬೆಂಗಳೂರಿನ ಮಲ್ಲೇಶ್ವರ, ಬಸವನಗುಡಿಗಳನ್ನೇ ಹೋಲಿಸಿ ನೋಡಬಹುದು. ಎರಡೂ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ರೂಪುಗೊಂಡ ಬಡಾವಣೆಗಳು. 1898ರಲ್ಲಿ ಪ್ಲೇಗು ಹಬ್ಬಿದಾಗ ಪೇಟೆಯ ಇಕ್ಕಟ್ಟಾದ ಕೇರಿಗಳನ್ನು ತೊರೆದ ಅನೇಕ ಕುಟುಂಬಗಳು ಇಲ್ಲಿಗೆ ಬಂದು ನೆಲೆಸಿದವು. ನೇರವಾದ ಬೀದಿಗಳು, ಅವುಗಳನ್ನು ಹಾಯುವ ಅಡ್ಡರಸ್ತೆಗಳು, ಮನೆಗಳ ಹಿಂದೆ ಕಸ ಸಾಗಿಸುವ ಓಣಿಗಳು, ಮನೆಯ ಸುತ್ತ ಒಂದಿಷ್ಟು ಬಯಲು: ಗಾಳಿಬೆಳಕುಗಳಿಗೆ ಎಡೆಯಿರಲೆಂಬುದೇ ಈ ಏರ್ಪಾಡಿನ ಉದ್ದೇಶವಾಗಿತ್ತು. ಎರಡಕ್ಕೂ ದೇವಾಲಯಗಳಿಂದಲೇ ಹೆಸರು ಬಂದಿದೆ; ಒಂದಕ್ಕೆ ಕಾಡು ಮಲ್ಲೇಶ್ವರನಿಂದ, ಇನ್ನೊಂದಕ್ಕೆ ದೊಡ್ಡ ಬಸವಣ್ಣನಿಂದ.

ಮಲ್ಲೇಶ್ವರದ ಎಂಟನೆಯ ಅಡ್ಡರಸ್ತೆಯಲ್ಲಿ ಹಬ್ಬದ ಮುನ್ನಾದಿನ ಹೂವು ಹಣ್ಣುಗಳಿಗಾಗಿ ಸೇರುವ ಜನಸಂದಣಿಯನ್ನು ನೋಡಿಯೇ ತಿಳಿಯಬೇಕು. 1882ರಲ್ಲಿ ಕಟ್ಟಿದ ಸ್ಯಾಂಕಿ ಕೆರೆ ಅದರ ಮಗ್ಗುಲಲ್ಲಿದೆ. ಭಾರತೀಯ ವಿಜ್ಞಾನ ಸಂಸ್ಥೆಯೂ ದೂರವಲ್ಲ. ಅಲ್ಲಿ ಸಂಶೋಧನೆ ನಡೆಸುವವನು ಹೆಸರಿಗೆ ಮರುಳಾಗಿ ಬಸವನಗುಡಿಯಲ್ಲಿ ಮನೆ ಮಾಡಿದರೆ ದಿನದ ಬಹುಭಾಗ ದಾರಿಯಲ್ಲೇ ಕಳೆದೀತು. ಆದರೆ ವಯಸ್ಸಾದವರಿರುವ ಮನೆಗೆ ಬಸವನಗುಡಿಯೇ ಒಂದು ಗುಲಗಂಜಿ ಹೆಚ್ಚು ತೂಗುತ್ತದೆ. ಗಾಂಧಿ ಬಜಾರಿನಲ್ಲಿ ತರಕಾರಿ ಕೊಂಡು, ಕಹಳೆ ಬಂಡೆಯ ಮರಗಳ ನೆರಳಿನಲ್ಲಿ ಕುಳಿತು, ನಿಧಾನವಾಗಿ ಮನೆಗೆ ಮರಳಬಹುದು. ಕಾಲಲ್ಲಿ ಕಸುವಿದ್ದವರಿಗೆ ಲಾಲ್‌ಬಾಗೂ ಇದೆ. ಕಾರ್ತಿಕದ ಕಡೆಯ ಸೋಮವಾರ ಕಡಲೆಕಾಯಿ ಪರಿಷೆಗೆ ಊರೇ ನೆರೆದು ವಾಹನಗಳಿಗೆ ದಾರಿಯಿಲ್ಲದಂತಾಗುವುದೂ ನಿಜ. ಅದನ್ನು ತೊಂದರೆಯೆನ್ನುವವರು ಅಲ್ಲಿ ಮನೆ ಮಾಡದಿರುವುದೇ ಒಳ್ಳೆಯದು!

ಮೆಟ್ರೋ ರೈಲು ಮಲ್ಲೇಶ್ವರದ ಅಂಚಿಗೆ 2014ರಲ್ಲಿ, ಬಸವನಗುಡಿಯ ಅಂಚಿಗೆ 2017ರಲ್ಲಿ ಬಂದಿತು. ಬಾಡಿಗೆಯೂ ಎರಡೂ ಕಡೆ ದುಬಾರಿಯೇ.

ಇಷ್ಟಾದರೂ, ಬಡಾವಣೆಯ ಹಿರಿಮೆಯೆಲ್ಲ ಅಲ್ಲಿನ ಪ್ರತಿಯೊಂದು ಮನೆಗೂ ದಕ್ಕುವುದಿಲ್ಲ. ಹಳೆಯ ಮನೆಗಳನ್ನು ಕೆಡವಿ, ಸುತ್ತಲಿನ ಬಯಲನ್ನೂ ನುಂಗಿ ಬಹುಮಹಡಿ ಕಟ್ಟಡಗಳನ್ನು ಎಬ್ಬಿಸಿದ ಕಡೆ, ಪ್ಲೇಗಿಗೆ ಹೆದರಿ ಜನರು ಬಿಟ್ಟುಬಂದ ಇಕ್ಕಟ್ಟೇ ಹಿಂದಿರುಗಿದೆ. ಆದುದರಿಂದ ಮುಂಗಡ ಕೊಡುವ ಮೊದಲು ಕಿಟಕಿಯನ್ನು ತೆರೆದು ನೋಡಬೇಕು. ಸಂಜೆ ಆರು ಗಂಟೆಗೆ ಮನೆಯ ಮುಂದೆ ನಿಂತು, ಅಜ್ಜಿಯೊಬ್ಬರು ಯಾರ ಕೈಯನ್ನೂ ಹಿಡಿಯದೆ ಆ ಬೀದಿಯನ್ನು ದಾಟಬಲ್ಲರೇ ಎಂಬುದನ್ನು ಗಮನಿಸಬೇಕು.