ಸತ್ತವನು ಯಾರಪ್ಪ?

ಮೊನ್ನೆ ಮದುವೆಮನೆಯ ಪಂಕ್ತಿಯಲ್ಲಿ ಪಕ್ಕದ ಎಲೆಗೆ ಕೂತಿದ್ದ ಹುಡುಗ ಹೋಳಿಗೆ ಮುರಿಯುತ್ತಾ ಕೇಳಿದ: ‘ಅಂಕಲ್, ಇರ್ರಿವರ್ಸಿಬಲ್‌ನಲ್ಲಿ ಸಿಲಿಂಡರ್ ತಗೊಂಡು ಮುಖ ಜಜ್ಜೋ ಸೀನ್ ನೋಡಿದ್ದೀರಾ? ರೇಪ್ ಮಾಡೋರಿಗೆ ಹಂಗೇ ಆಗ್ಬೇಕು.’

‘ಸತ್ತವನು ಯಾರಪ್ಪ?’ ಅಂದೆ.

‘ಇನ್ಯಾರು? ಅವನೇ!’

ಅವನಲ್ಲ. ನನಗೆ ಹೋಳಿಗೆ ರುಚಿಸಲಿಲ್ಲ.

ಗಾಸ್ಪರ್ ನೋಯೆಯ ಈ ಫ್ರೆಂಚ್ ಸಿನಿಮಾ 2002ರಲ್ಲಿ ಕಾನ್ ಉತ್ಸವದಲ್ಲಿ ಎಬ್ಬಿಸಿದ ಗಲಾಟೆ ಗೊತ್ತಿದ್ದದ್ದೇ. ಜನ ಗುಂಪುಗುಂಪಾಗಿ ಎದ್ದು ಹೋದರು, ಕೆಲವರು ತಲೆತಿರುಗಿ ಬಿದ್ದರು. ಪ್ಯಾರಿಸ್ಸಿನ ಸುರಂಗದಾರಿಯೊಂದರಲ್ಲಿ ಮೋನಿಕಾ ಬೆಲುಚಿಯ ಪಾತ್ರದ ಮೇಲೆ ನಡೆಯುವ ಅತ್ಯಾಚಾರವನ್ನು ಸುಮಾರು 9 ನಿಮಿಷ ಕತ್ತರಿಯಿಲ್ಲದೆ ತೋರಿಸಿದ್ದಕ್ಕೆ ಬೈಗುಳ ಇನ್ನೂ ನಿಂತಿಲ್ಲ. ಸಾಲದ್ದಕ್ಕೆ, ಸಿನಿಮಾದ ಆರಂಭದಲ್ಲಿ ಹೊಟ್ಟೆ ತೊಳಸುವಂಥ ತಗ್ಗುದನಿಯೊಂದನ್ನು ಬೇಕೆಂದೇ ಸೇರಿಸಿದ್ದಾನೆ, ಪುಣ್ಯಾತ್ಮ. ಸಲಿಂಗಿಗಳ ಕ್ಲಬ್ಬನ್ನು ನರಕ ಮಾಡಿಟ್ಟಿದ್ದಕ್ಕೆ ನನಗೂ ಅವನ ಮೇಲೆ ಸಿಟ್ಟಿದೆ.

ಆದರೆ ಇದನ್ನು ಸೇಡು ತೀರಿಸಿಕೊಂಡ ಕಥೆ ಅನ್ನಬೇಡಿ. ಕಥೆ ಹಿಂದುಮುಂದಾಗಿ ಸಾಗುತ್ತದೆ: ಕೊಲೆ ಮೊದಲು, ಅತ್ಯಾಚಾರ ಆಮೇಲೆ. ಕ್ಲಬ್ಬಿನಲ್ಲಿ ಬೆಂಕಿ ಆರಿಸುವ ಸಿಲಿಂಡರಿನ ಏಟಿಗೆ ಒಬ್ಬ ಸಾಯುವಾಗ ನಮಗೆ ಯಾರ ಮುಖದ ಗುರುತೂ ಇಲ್ಲ. ಪಾಪಿ ಸತ್ತ ಅಂದುಕೊಳ್ಳುತ್ತೇವೆ. ಸುರಂಗದ ದೃಶ್ಯದಲ್ಲಿ ಅತ್ಯಾಚಾರಿಯ ಮುಖ ಕಂಡಾಗಲೇ ಎದೆ ಧಸಕ್ಕೆನ್ನುವುದು. ಸತ್ತವನ ಪಕ್ಕದಲ್ಲಿ ನಿಂತು ಮಜಾ ನೋಡುತ್ತಿದ್ದನಲ್ಲ, ಅವನೇ ಇವನು! ಏಟು ಹಾಕಿದವನಾದರೂ ಯಾರು? ರೊಚ್ಚಿಗೆದ್ದು ಹೊರಟ ಆಕೆಯ ಪ್ರಿಯಕರ ಮಾರ್ಕಸ್ ಅಲ್ಲ, ದಾರಿಯುದ್ದಕ್ಕೂ ಅವನನ್ನು ತಡೆಯುತ್ತಾ ಬಂದ ಸಾಧು ಗೆಳೆಯ ಪಿಯೆರ್. ಇದೇ ಸಿನಿಮಾವನ್ನು ನೋಯೆ 2019ರಲ್ಲಿ ನೇರ ಕ್ರಮದಲ್ಲಿ ಜೋಡಿಸಿ ವೆನಿಸ್‌ನಲ್ಲಿ ತೋರಿಸಿದ. ಅದರಲ್ಲಿ ಮುಖಗಳು ಮೊದಲೇ ಪರಿಚಯ, ಮೋಸಹೋಗುವ ಮಾತೇ ಇಲ್ಲ. ಮೋಸಹೋಗದ ಮೇಲೆ ಆ ಸಿನಿಮಾ ಯಾಕೆ ಬೇಕು?

ಈ ಅಂಕಣದಲ್ಲಿ ಹತ್ತು ಸಲ ಗೊಣಗಿದ್ದೇನೆ, ಹನ್ನೊಂದನೇ ಸಲ ಕೇಳಿ: ಪೂರ್ತಿ ಕೂತು ನೋಡದವರು ಸಿನಿಮಾ ಬಗ್ಗೆ ತೀರ್ಪು ಕೊಡಬಾರದು. ನನ್ನ ಸೋದರಮಾವನ ಊರಿಗೆ ಕೊನೇ ಬಸ್ಸು ಒಂಬತ್ತಕ್ಕೆ, ಟಾಕೀಸಿನಲ್ಲಿ ಆಟ ಬಿಡುತ್ತಿದ್ದದ್ದು ಒಂಬತ್ತೂಕಾಲಿಗೆ. ಕ್ಲೈಮ್ಯಾಕ್ಸ್ ಶುರುವಾಯಿತೆಂದರೆ ಮಾವ ಟವೆಲ್ ಕೊಡವಿಕೊಂಡು ಎದ್ದ. ಮರುದಿನ ಜಗಲಿಯ ಮೇಲೆ ಕಥೆ ಹೇಳುವಾಗ ಮಾತ್ರ ಒಂದು ಸಲವೂ ತಡವರಿಸಿದವನಲ್ಲ. ಖಳನಾಯಕನನ್ನು ಒಮ್ಮೆ ಬಾವಿಗೆ ದೂಡುತ್ತಿದ್ದ, ಒಮ್ಮೆ ರೈಲಿನಡಿ ಹಾಕುತ್ತಿದ್ದ. ಸಿನಿಮಾದಲ್ಲಿ ಆ ಬಡಪಾಯಿ ಕೈಮುಗಿದು ತಪ್ಪೊಪ್ಪಿಕೊಂಡು ಗ್ರೂಪ್ ಫೋಟೋದಲ್ಲಿ ನಗುತ್ತಾ ನಿಂತಿರುತ್ತಿದ್ದ.

ಕೈ ತೊಳೆಯುವಾಗ ಆ ಹುಡುಗನನ್ನು ಒತ್ತಿ ಕೇಳಿದೆ. ಅವನು ನೋಡಿದ್ದು ಮೊಬೈಲಿನಲ್ಲಿ ಬಂದ ಮೂರು ನಿಮಿಷದ ತುಣುಕು.

ಮಾವನಿಗಾದರೂ ಕೊನೇ ಬಸ್ಸು ಹಿಡಿಯಬೇಕಿತ್ತು.